ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೋಗೆ: ದೂರವೆಷ್ಟು, ಹೊತ್ತೆಷ್ಟು?

2021ನೆಯ ಇಸವಿಯ ಜನವರಿ 9, ಶನಿವಾರ. ಅಮೆರಿಕದ ಪಶ್ಚಿಮ ತೀರದಲ್ಲಿರುವ ಸಾನ್ ಫ್ರಾನ್ಸಿಸ್ಕೋ ನಗರದಿಂದ ರಾತ್ರಿ ಎಂಟೂವರೆ ಗಂಟೆಯ ಹೊತ್ತಿಗೆ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಬೆಂಗಳೂರಿಗೆ ಹೊರಟಿತು. ಈ ಎರಡು ನಗರಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ಆ ಸಂಸ್ಥೆಯ ಮೊದಲನೆಯ ಪ್ರಯಾಣವದು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರೊಡನಿದ್ದ ಮೂವರು ಚಾಲಕಿಯರು. ನಾಲ್ವರೂ ಮಹಿಳೆಯರೆಂಬುದು ಅಂದಿನ ದೊಡ್ಡ ಸುದ್ದಿಯಾಗಿತ್ತು. ಉತ್ತರ ಧ್ರುವದ ಮೇಲಿನ ದಾರಿಯನ್ನು ಹಿಡಿದು ಬಂದ ಆ ವಿಮಾನವು ಬೆಂಗಳೂರಿನಲ್ಲಿ ಇಳಿದಾಗ ಜನವರಿ 11, ಸೋಮವಾರದ ಬೆಳಗಿನ ಜಾವ ಮೂರು ಗಂಟೆ ದಾಟಿ ಕೆಲವು ನಿಮಿಷಗಳಾಗಿದ್ದವು.

ಶನಿವಾರ ರಾತ್ರಿ ಹೊರಟವರು ಸೋಮವಾರ ಬಂದರು. ಹಾಗಾದರೆ ನಡುವಣ ಭಾನುವಾರವೆಲ್ಲಿ ಹೋಯಿತು? ಅವರು ವಿಮಾನದಲ್ಲಿ ಕಳೆದದ್ದು ಹದಿನೇಳು ಗಂಟೆಗಳಿಗಿಂತ ತುಸು ಹೆಚ್ಚಿನ ಕಾಲ ಮಾತ್ರ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಈ ನಗರಗಳ ನಡುವಿನ ಅತ್ಯಂತ ಕಡಿಮೆ ದೂರ ಸುಮಾರು 14,000 ಕಿಲೋಮೀಟರ್. ಆದರೆ ವಿಮಾನವು ಕ್ರಮಿಸಿದ ದಾರಿ ಸುಮಾರು 16,000 ಕಿಲೋಮೀಟರ್ ಎಂದು ಅಂದಿನ ವರದಿಗಳು ಹೇಳಿದವು. ಹತ್ತಿರದ ದಾರಿಯಿರುವಾಗ ಬಳಸುದಾರಿಯೇಕೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪ್ರೌಢಶಾಲೆಯ ತ್ರಿಕೋನಮಿತಿ, ಸ್ವಲ್ಪ ಭೂಗೋಳ, ಸ್ವಲ್ಪ ಭೌತವಿಜ್ಞಾನ ಇಷ್ಟಿದ್ದರೆ ಸಾಕು. ಉತ್ತರದ ಸಾರವನ್ನು ಮೊದಲೇ ಹೇಳಿಬಿಡಬಹುದು: ಎರಡು ಊರುಗಳ ನಡುವಿನ ದೂರವನ್ನು ಗೊತ್ತುಮಾಡುವುದು ರೇಖಾಗಣಿತ; ಪ್ರಯಾಣದ ಕಾಲವನ್ನು ಗೊತ್ತುಮಾಡುವುದು ಗಾಳಿ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ನಮ್ಮ ಗೊಂದಲಗಳೆಲ್ಲ ಹುಟ್ಟುತ್ತವೆ.

ನಕ್ಷೆಯ ಸರಳರೇಖೆ

ಗೋಡೆಯ ಮೇಲೆ ತೂಗುಹಾಕಿದ ಪ್ರಪಂಚದ ನಕ್ಷೆಯನ್ನು ನೋಡೋಣ. ಬೆಂಗಳೂರಿನಿಂದ ಪೂರ್ವದ ಕಡೆಗೆ ಸಾನ್ ಫ್ರಾನ್ಸಿಸ್ಕೋವರೆಗೆ ಪಟ್ಟಿಯಿಟ್ಟು ಗೆರೆಯೆಳೆದರೆ ಅದು ಬಂಗಾಳ ಕೊಲ್ಲಿಯನ್ನೂ ಶಾಂತಸಾಗರವನ್ನೂ ದಾಟಿ ಹೋಗುತ್ತದೆ. ನಾವಿಕರು ಬಳಸುತ್ತಿದ್ದ ಮರ್ಕೇಟರ್ ನಕ್ಷೆಯಲ್ಲಿ ಈ ಗೆರೆಯ ನಿಜವಾದ ಉದ್ದವನ್ನು ಲೆಕ್ಕಹಾಕಿದರೆ ಸುಮಾರು 16,100 ಕಿಲೋಮೀಟರ್ ಬರುತ್ತದೆ. ಕಣ್ಣಿಗೆ ನೆಟ್ಟಗೆ ಕಂಡರೂ ಇದು ಹತ್ತಿರದ ದಾರಿಯಲ್ಲ. ದುಂಡಗಿರುವ ಭೂಮಿಯನ್ನು ಚಪ್ಪಟೆಯ ಕಾಗದದ ಮೇಲೆ ಹರಡಬೇಕಾದರೆ ಎಲ್ಲಿಯಾದರೂ ಹಿಗ್ಗಿಸಲೇಬೇಕು. ಮರ್ಕೇಟರ್ ನಕ್ಷೆಯಲ್ಲಿ ಧ್ರುವಗಳ ಕಡೆಗೆ ಹೋದಂತೆಲ್ಲ ಈ ಹಿಗ್ಗು ಹೆಚ್ಚುತ್ತದೆ. ಆದುದರಿಂದ ಉತ್ತರದಲ್ಲಿರುವ ಹತ್ತಿರದ ದಾರಿಯು ನಕ್ಷೆಯಲ್ಲಿ ಬಹು ಉದ್ದವಾಗಿ, ಬಿಲ್ಲಿನಂತೆ ಬಾಗಿದುದಾಗಿ ಕಾಣುತ್ತದೆ.

ನಿಜವನ್ನು ತಿಳಿಯಬೇಕಾದರೆ ನಿಮ್ಮ ಶಾಲೆಯ ಗ್ಲೋಬನ್ನು ಕೈಗೆತ್ತಿಕೊಳ್ಳಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿಹಿಡಿದು ಇನ್ನೊಂದು ತುದಿಯನ್ನು ಸಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರವು ತಾನಾಗಿಯೇ ಪೂರ್ವದ ಸಮುದ್ರವನ್ನು ಬಿಟ್ಟು ಉತ್ತರಕ್ಕೆ ಜಾರಿ, ಹಿಮಾಲಯವನ್ನೂ ಸೈಬೀರಿಯವನ್ನೂ ಹಾದು ಅಲಾಸ್ಕದ ಮೇಲಿಂದ ಕೆಳಗಿಳಿಯುವುದನ್ನು ಕಾಣುವಿರಿ. ಗ್ಲೋಬಿನ ವ್ಯಾಸ 30 ಸೆಂಟಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು 94.2 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,030 ಕಿಲೋಮೀಟರ್. ಎಂದರೆ ಗ್ಲೋಬಿನ ಒಂದು ಸೆಂಟಿಮೀಟರ್ ಭೂಮಿಯ 425 ಕಿಲೋಮೀಟರಿಗೆ ಸಮ. ನಿಮ್ಮ ದಾರದ ಉದ್ದ 33 ಸೆಂಟಿಮೀಟರಿನಷ್ಟು ಇರುತ್ತದೆ. ಗುಣಿಸಿದರೆ 14,000 ಕಿಲೋಮೀಟರ್. ಒಂದು ಗೇಣುದಾರದಿಂದ ಇಷ್ಟು ನಿಖರವಾದ ಉತ್ತರ ದೊರೆಯುವುದು ಆಶ್ಚರ್ಯವಲ್ಲವೆ?

ದಾರವು ಹಿಡಿದ ಹಾದಿಗೆ ಮಹಾವೃತ್ತದ ಕಂಸವೆಂದು ಹೆಸರು. ಗೋಳದ ಮೇಲೆ ಎಳೆಯಬಹುದಾದ ವೃತ್ತಗಳಲ್ಲೆಲ್ಲ ಅತಿ ದೊಡ್ಡದು, ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳದ್ದು, ಮಹಾವೃತ್ತ. ಭೂಮಧ್ಯರೇಖೆ ಒಂದು ಮಹಾವೃತ್ತ; ಎದುರುಬದುರಾದ ಎರಡು ರೇಖಾಂಶಗಳು ಸೇರಿದರೆ ಮತ್ತೊಂದು. ಎರಡು ಬಿಂದುಗಳನ್ನು ಕೂಡಿಸುವ ವೃತ್ತಕಂಸಗಳಲ್ಲಿ ವೃತ್ತವು ದೊಡ್ಡದಾದಷ್ಟೂ ಕಂಸದ ಬಾಗು ಕಡಿಮೆ. ಬಾಗು ಕಡಿಮೆಯಾದಷ್ಟೂ ಉದ್ದವೂ ಕಡಿಮೆ. ಆದುದರಿಂದಲೇ ಅತಿ ದೊಡ್ಡ ವೃತ್ತದ ಕಂಸ ಅತಿ ಚಿಕ್ಕ ದಾರಿಯಾಗುತ್ತದೆ.

ಲೆಕ್ಕ ಮಾಡಿ ನೋಡೋಣ

ದಾರವಿಲ್ಲದೆ ದೂರವನ್ನು ಕಂಡುಹಿಡಿಯುವುದು ಹೇಗೆ? ಬೆಂಗಳೂರಿನ ವಿಮಾನ ನಿಲ್ದಾಣವಿರುವುದು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸಾನ್ ಫ್ರಾನ್ಸಿಸ್ಕೋ ನಿಲ್ದಾಣವಿರುವುದು 37.6 ಡಿಗ್ರಿ ಉತ್ತರ ಅಕ್ಷಾಂಶ, 122.4 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದುದರಿಂದ ರೇಖಾಂಶಗಳನ್ನು ಕೂಡಬೇಕು: 200.1 ಡಿಗ್ರಿ. ಇದು 180ಕ್ಕಿಂತ ಹೆಚ್ಚಾದುದರಿಂದ ಗೋಳದ ಮತ್ತೊಂದು ಮಗ್ಗುಲಿನಿಂದ ಹೋಗುವುದೇ ಹತ್ತಿರ. 360ರಲ್ಲಿ ಕಳೆದರೆ 159.9 ಡಿಗ್ರಿ ಉಳಿಯುತ್ತದೆ.

ಬೆಂಗಳೂರಿನ ಅಕ್ಷಾಂಶವನ್ನು ‘ಅ’ ಎಂದೂ, ಸಾನ್ ಫ್ರಾನ್ಸಿಸ್ಕೋ ಅಕ್ಷಾಂಶವನ್ನು ‘ಕ’ ಎಂದೂ, ರೇಖಾಂಶಗಳ ಅಂತರವನ್ನು ‘ರ’ ಎಂದೂ, ಭೂಕೇಂದ್ರದಲ್ಲಿ ಈ ಎರಡು ಊರುಗಳು ಉಂಟುಮಾಡುವ ಕೋನವನ್ನು ‘ದ’ ಎಂದೂ ಕರೆಯೋಣ. ಗೋಳೀಯ ತ್ರಿಕೋನಮಿತಿಯ ಸೂತ್ರ ಇದು:

ಕೊಸೈನ್ ದ = (ಸೈನ್ ಅ × ಸೈನ್ ಕ) + (ಕೊಸೈನ್ ಅ × ಕೊಸೈನ್ ಕ × ಕೊಸೈನ್ ರ)

ಕೋಷ್ಟಕದಿಂದ ಬೆಲೆಗಳನ್ನು ತೆಗೆದು ಬರೆದರೆ:

ಕೊಸೈನ್ ದ = (0.2284 × 0.6101) + (0.9736 × 0.7923 × −0.9391)
= 0.1393 − 0.7244
= −0.5851

‘ರ’ ಎಂಬುದು ಲಂಬಕೋನಕ್ಕಿಂತ ದೊಡ್ಡದಾದುದರಿಂದ ಅದರ ಕೊಸೈನ್ ಋಣಸಂಖ್ಯೆಯಾಯಿತೆಂಬುದನ್ನು ಮರೆಯಬಾರದು. ವಿದ್ಯಾರ್ಥಿಗಳು ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ಕೊಸೈನ್ −0.5851 ಆಗಿರುವ ಕೋನ 125.8 ಡಿಗ್ರಿ. ಭೂಮಿಯ ಸುತ್ತಳತೆಯನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111.2 ಕಿಲೋಮೀಟರ್. ಆದುದರಿಂದ ದೂರ 125.8 × 111.2, ಎಂದರೆ ಸುಮಾರು 13,990 ಕಿಲೋಮೀಟರ್.

ಭೂಮಿಯು ಪರಿಪೂರ್ಣ ಗೋಳವಲ್ಲ. ಅದರ ತ್ರಿಜ್ಯ ಭೂಮಧ್ಯರೇಖೆಯಲ್ಲಿ 6,378 ಕಿಲೋಮೀಟರ್, ಧ್ರುವಗಳಲ್ಲಿ 6,357 ಕಿಲೋಮೀಟರ್. ಇದನ್ನು ಅಲಕ್ಷಿಸಿದುದರಿಂದ ನಮ್ಮ ಉತ್ತರದಲ್ಲಿ ಬರಬಹುದಾದ ದೋಷ ಶೇಕಡ ಅರ್ಧದಷ್ಟನ್ನು ಮೀರದು. ವಿಮಾನವು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ದಾರಿ ಬಹಳ ಉದ್ದವಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. 6,371 ಕಿಲೋಮೀಟರ್ ಸರಾಸರಿ ತ್ರಿಜ್ಯಕ್ಕೆ 11 ಕಿಲೋಮೀಟರ್ ಸೇರಿದರೆ, ಇಡೀ ಪ್ರಯಾಣಕ್ಕೆ ಹೆಚ್ಚುವ ದೂರ ಕೇವಲ 24 ಕಿಲೋಮೀಟರ್. ಬೆಂಗಳೂರಿನ ಒಂದು ಬಡಾವಣೆಯಿಂದ ದೂರದ ಮತ್ತೊಂದು ಬಡಾವಣೆಗೆ ಹೋದಷ್ಟೆ.

ಆ ದಾರಿಯಲ್ಲಿ ಹೋಗುವುದು ಸುಲಭವಲ್ಲ

ಈ ಮಹಾವೃತ್ತವು ಯಾವ ಯಾವ ದೇಶಗಳ ಮೇಲೆ ಹಾಯುತ್ತದೆಂಬುದನ್ನೂ ಗಣಿತದಿಂದಲೇ ಹೇಳಬಹುದು. ಬೆಂಗಳೂರಿನಿಂದ ಹೊರಡುವಾಗ ಅದರ ದಿಕ್ಕು ನೇರ ಉತ್ತರದಿಂದ ಪೂರ್ವಕ್ಕೆ ಸುಮಾರು 20 ಡಿಗ್ರಿ ಓರೆಯಾಗಿರುತ್ತದೆ. ನೇಪಾಳದಲ್ಲಿ ಅನ್ನಪೂರ್ಣಾ ಪರ್ವತಶ್ರೇಣಿಯ ಸಮೀಪದಲ್ಲಿ ಹಿಮಾಲಯವನ್ನು ದಾಟಿ, ಟಿಬೆಟ್ ಪ್ರಸ್ಥಭೂಮಿ, ಮಂಗೋಲಿಯದ ಪಶ್ಚಿಮ ಅಂಚು, ಸೈಬೀರಿಯಗಳನ್ನು ಹಾದು, ಕೋಲಿಮಾ ನದಿಯು ಆರ್ಕ್ಟಿಕ್ ಸಾಗರವನ್ನು ಸೇರುವ ಎಡೆಯಿಂದ ಸ್ವಲ್ಪ ಉತ್ತರದಲ್ಲಿ ಅದು ತನ್ನ ಅತ್ಯುನ್ನತ ಅಕ್ಷಾಂಶವಾದ 70.9 ಡಿಗ್ರಿಯನ್ನು ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕದ ಮೇಲೆ ಹಾದು ಸಾನ್ ಫ್ರಾನ್ಸಿಸ್ಕೋ ಕಡೆಗೆ ಇಳಿಯುತ್ತದೆ. ಉತ್ತರ ಧ್ರುವವನ್ನು ಅದು ಮುಟ್ಟುವುದೇ ಇಲ್ಲ.

ಈ ದಾರಿಗೆ ಮೊದಲನೆಯ ಅಡ್ಡಿ ಟಿಬೆಟ್. ಪರ್ವತಗಳಿಗೆ ವಿಮಾನವು ತಾಗೀತೆಂಬ ಭಯವಲ್ಲ. ಅದು ಶಿಖರಗಳಿಗಿಂತ ಎಷ್ಟೋ ಮೇಲೆ ಹಾರುತ್ತದೆ. ಆದರೆ ಆಕಸ್ಮಿಕವಾಗಿ ವಿಮಾನದೊಳಗಿನ ವಾಯುವಿನ ಒತ್ತಡ ಇಳಿದುಹೋದರೆ, ಪ್ರಯಾಣಿಕರು ಸಹಜವಾಗಿ ಉಸಿರಾಡಲು ಚಾಲಕನು ಕೂಡಲೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಪ್ರಯಾಣಿಕರ ಮುಖವಾಡಗಳಿಗೆ ದೊರೆಯುವ ಆಮ್ಲಜನಕ ಸಾಮಾನ್ಯವಾಗಿ ಕೆಲವು ನಿಮಿಷಗಳಿಗೆ ಮಾತ್ರ ಸಾಕು. ಟಿಬೆಟಿನ ನೆಲವೇ ಸರಾಸರಿ 4,500 ಮೀಟರಿನಷ್ಟು ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲದ ಕಡೆ ದೀರ್ಘಕಾಲ ಹಾರುವುದು ಜಾಣತನವಲ್ಲ. ಆದುದರಿಂದ ವಿಮಾನಗಳು ಸಾಮಾನ್ಯವಾಗಿ ಈ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಹಾಗಾದರೆ ಧ್ರುವದ ದಾರಿ ಎಷ್ಟು ದೂರ? ಇದರ ಲೆಕ್ಕ ಇನ್ನೂ ಸುಲಭ. ಬೆಂಗಳೂರಿನಿಂದ ಧ್ರುವಕ್ಕೆ 90ರಲ್ಲಿ 13.2 ಕಳೆದರೆ 76.8 ಡಿಗ್ರಿ, ಸಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 52.4 ಡಿಗ್ರಿ. ಕೂಡಿದರೆ 129.2 ಡಿಗ್ರಿ, ಎಂದರೆ ಸುಮಾರು 14,370 ಕಿಲೋಮೀಟರ್. ಅತಿ ಹತ್ತಿರದ ದಾರಿಗಿಂತ ಹೆಚ್ಚು 380 ಕಿಲೋಮೀಟರ್ ಮಾತ್ರ! ಎರಡು ಊರುಗಳೂ ಭೂಮಿಯ ಬಹುಮಟ್ಟಿಗೆ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ಹೀಗಾಗುತ್ತದೆ. ಆದರೆ ಧ್ರುವದ ದಾರಿಗೂ ಅದರದೇ ಆದ ಕಷ್ಟಗಳುಂಟು. ಅಲ್ಲಿ ದಿಕ್ಸೂಚಿಯ ಮುಳ್ಳು ನಂಬತಕ್ಕುದಲ್ಲ. ಭೂಮಧ್ಯರೇಖೆಯ ಮೇಲೆ ನಿಂತಂತೆ ತೋರುವ ಸಂಪರ್ಕ ಉಪಗ್ರಹಗಳು ಧ್ರುವದ ಬಳಿ ದಿಗಂತದ ಕೆಳಗೆ ಮರೆಯಾಗುತ್ತವೆ. ವಿಮಾನದ ಇಂಧನ ಸೊನ್ನೆಗಿಂತ 40 ಅಥವಾ 47 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅದರ ಬಗೆಯನ್ನು ಅನುಸರಿಸಿ, ಹೆಪ್ಪುಗಟ್ಟತೊಡಗುವುದರಿಂದ ಅದರ ಉಷ್ಣತೆಯ ಮೇಲೆ ಸದಾ ಕಣ್ಣಿಟ್ಟಿರಬೇಕು. ತುರ್ತಾಗಿ ಇಳಿಯಲು ತಕ್ಕ ನಿಲ್ದಾಣಗಳೂ ಅಲ್ಲಿ ವಿರಳ.

ಹೀಗೆ ಪರ್ವತ, ಚಳಿ, ನಿಲ್ದಾಣಗಳ ಸಾಮೀಪ್ಯ ಇವೆಲ್ಲ ದಾರಿಯನ್ನು ಅತ್ತಿತ್ತ ತಳ್ಳುತ್ತವೆ. ಆದರೆ ಇವೆಲ್ಲಕ್ಕಿಂತ ಬಲವಾದ ಕಾರಣವೊಂದುಂಟು. ಅದು ಗಾಳಿ.

ಒಂದು ತಪ್ಪು ತಿಳಿವಳಿಕೆ

ಗಾಳಿಯ ವಿಷಯಕ್ಕೆ ಬರುವ ಮೊದಲು ಹಲವರ ಮನಸ್ಸಿನಲ್ಲಿ ಬೇರೂರಿರುವ ಒಂದು ಭ್ರಮೆಯನ್ನು ನಿವಾರಿಸಬೇಕು. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಷ್ಟೆ. ವಿಮಾನವು ಮೇಲೇರಿ ಪಶ್ಚಿಮಕ್ಕೆ ಹೋದರೆ ಊರೇ ಎದುರಿಗೆ ಬರುವುದಿಲ್ಲವೆ, ಪ್ರಯಾಣ ಬೇಗ ಮುಗಿಯುವುದಿಲ್ಲವೆ ಎಂದು ಕೆಲವರು ವಾದಿಸುತ್ತಾರೆ. ಓಡುವ ರೈಲುಗಾಡಿಯೊಳಗೆ ಕುಳಿತು ನಾಣ್ಯವೊಂದನ್ನು ಮೇಲಕ್ಕೆ ಚಿಮ್ಮಿ ನೋಡಿ. ಅದು ಹಿಂದಿನ ಪ್ರಯಾಣಿಕನ ತಲೆಯ ಮೇಲೆ ಬೀಳದೆ ನಿಮ್ಮ ಅಂಗೈಗೇ ಬೀಳುತ್ತದೆ. ನಾಣ್ಯಕ್ಕೂ ಗಾಡಿಯ ವೇಗವೇ ಇದೆ. ಹಾಗೆಯೇ ಭೂಮಧ್ಯರೇಖೆಯ ಬಳಿ ನೆಲವು ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಿಂದ ತಿರುಗುತ್ತಿದ್ದರೂ ಅದರ ಮೇಲಿನ ವಾಯುಮಂಡಲವೂ ವಿಮಾನವೂ ಜೊತೆಯಲ್ಲಿಯೇ ತಿರುಗುತ್ತಿರುತ್ತವೆ. ಭೂಮಿಯ ತಿರುಗುವಿಕೆಯಿಂದ ವಿಮಾನಕ್ಕೆ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಪರೋಕ್ಷವಾಗಿ ಮಾತ್ರ ಪರಿಣಾಮವುಂಟು. ಉಷ್ಣವಲಯದಲ್ಲಿ ಕಾದು ಮೇಲೇರಿದ ಗಾಳಿಯು ಧ್ರುವದ ಕಡೆಗೆ ಸಾಗುವಾಗ, ಭೂಮಧ್ಯರೇಖೆಯ ಬಳಿ ಪಡೆದಿದ್ದ ಪೂರ್ವಾಭಿಮುಖ ವೇಗವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಉತ್ತರಕ್ಕೆ ಹೋದಂತೆ ನೆಲದ ತಿರುಗುವ ವೇಗ ಕಡಿಮೆಯಾಗುವುದರಿಂದ ಗಾಳಿಯು ನೆಲಕ್ಕಿಂತ ಮುಂದೆ, ಪೂರ್ವದ ಕಡೆಗೆ, ಧಾವಿಸುತ್ತದೆ. ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಸಂಧಿಸುವ ಅಕ್ಷಾಂಶಗಳಲ್ಲಿ, ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಇದು ಕಿರಿದಾದ ನದಿಯಂತೆ ರಭಸವಾಗಿ ಹರಿಯುತ್ತದೆ. ಇದಕ್ಕೆ ಜೆಟ್ ಪ್ರವಾಹವೆಂದು ಹೆಸರು. ಇದರ ವೇಗ ಗಂಟೆಗೆ ನೂರು ಇನ್ನೂರು ಕಿಲೋಮೀಟರ್ ಇರುವುದು ಸಾಮಾನ್ಯ. ಚಳಿಗಾಲದಲ್ಲಿ ಕೆಲವೊಮ್ಮೆ ಮುನ್ನೂರನ್ನೂ ಮೀರುತ್ತದೆ.

ಈ ಪ್ರವಾಹದ ಚರಿತ್ರೆಯೂ ಸ್ವಾರಸ್ಯವಾಗಿದೆ. ಜಪಾನಿನ ವಾಯುಗುಣ ವಿಜ್ಞಾನಿ ವಾಸಾಬುರೋ ಓಇಶಿ 1920ರ ದಶಕದಲ್ಲಿ ಬೆಲೂನುಗಳನ್ನು ಹಾರಿಬಿಟ್ಟು ದೂರದರ್ಶಕದಿಂದ ಅವುಗಳ ಚಲನೆಯನ್ನು ಅಳೆದು ಇದನ್ನು ಗುರುತಿಸಿದನು. ಜಗತ್ತಿನವರೆಲ್ಲ ಓದಲೆಂಬ ಸದಾಶಯದಿಂದ ತನ್ನ ವರದಿಯನ್ನು ಎಸ್ಪೆರಾಂಟೋ ಎಂಬ ಕೃತಕ ಅಂತರರಾಷ್ಟ್ರೀಯ ಭಾಷೆಯಲ್ಲಿ ಪ್ರಕಟಿಸಿದನು. ಆದರೆ ಅದನ್ನು ಓದಿದವರು ಬಹಳ ಕಡಿಮೆ. ಮುಂದೆ 1944ರಲ್ಲಿ ಜಪಾನಿನ ಮೇಲೆ ಅತಿ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಇದೇ ಗಾಳಿಗೆ ಸಿಕ್ಕಿ ಗುರಿತಪ್ಪಿದಾಗ ಅದರ ಬಲ ಜಗತ್ತಿಗೆ ಮನವರಿಕೆಯಾಯಿತು.

ದೂರದ ದಾರಿ ಬೇಗ ಮುಟ್ಟಿಸಿದುದು

ಹೊಳೆಯಲ್ಲಿ ದೋಣಿ ನಡೆಸುವವನು ಪ್ರವಾಹದೊಡನೆ ಹೋದರೆ ದಡಕ್ಕೆ ಹೋಲಿಸಿದ ವೇಗ ಹೆಚ್ಚು; ಎದುರಾಗಿ ಹೋದರೆ ಕಡಿಮೆ. ದೊಡ್ಡ ಜೆಟ್ ವಿಮಾನವು ಗಾಳಿಗೆ ಹೋಲಿಸಿದಂತೆ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಿಂದ ಹಾರುತ್ತದೆ. ಹಿಂದಿನಿಂದ 100 ಕಿಲೋಮೀಟರ್ ವೇಗದ ಬೆನ್ನುಗಾಳಿ ತಳ್ಳಿದರೆ ನೆಲಕ್ಕೆ ಹೋಲಿಸಿದ ವೇಗ 1,000. ಅದೇ ಗಾಳಿ ಎದುರಿನಿಂದ ಬೀಸಿದರೆ 800. ಹದಿನಾಲ್ಕು ಸಾವಿರ ಕಿಲೋಮೀಟರ್ ದೂರಕ್ಕೆ ಮೊದಲನೆಯದರಲ್ಲಿ 14 ಗಂಟೆ, ಎರಡನೆಯದರಲ್ಲಿ 17 ಗಂಟೆ 30 ನಿಮಿಷ. ಹೋಗುವಾಗಿನ ನಷ್ಟ ಬರುವಾಗಿನ ಲಾಭದಿಂದ ಸರಿಹೋಗುವುದೆಂದು ತಿಳಿಯಬೇಡಿ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು ಬೇಕಾಗುವುದು 31 ಗಂಟೆ 7 ನಿಮಿಷ. ಗಾಳಿಯಿದ್ದರೆ 31 ಗಂಟೆ 30 ನಿಮಿಷ. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಕಾಲ ಇರಬೇಕಾಗುವುದರಿಂದ ನಷ್ಟದ ಪಾಲೇ ಯಾವಾಗಲೂ ಹೆಚ್ಚು.

ಇದಕ್ಕೆ ಒಂದು ನಿಜವಾದ ನಿದರ್ಶನ. ದೆಹಲಿಗೂ ಸಾನ್ ಫ್ರಾನ್ಸಿಸ್ಕೋಗೂ ನಡುವೆ ಏರ್ ಇಂಡಿಯಾ ವಿಮಾನಗಳು ಮೊದಲು ಪಶ್ಚಿಮಾಭಿಮುಖವಾಗಿ ಅಟ್ಲಾಂಟಿಕ್ ಸಾಗರದ ಮೇಲಿಂದ ಹೋಗುತ್ತಿದ್ದವು. ಆ ದಾರಿಯ ಉದ್ದ ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರ್ ತಿಂಗಳಿನಲ್ಲಿ ಆ ಸಂಸ್ಥೆಯು ದಿಕ್ಕು ಬದಲಿಸಿ ಪೂರ್ವಕ್ಕೆ, ಶಾಂತಸಾಗರದ ಮೇಲೆ, ವಿಮಾನವನ್ನು ಕಳುಹಿಸಿತು. ಈ ದಾರಿಯ ಉದ್ದ ಸುಮಾರು 15,300 ಕಿಲೋಮೀಟರ್. ಎಂದರೆ 1,400 ಕಿಲೋಮೀಟರ್ ಹೆಚ್ಚು. ಆದರೂ ಹದಿನಾಲ್ಕೂವರೆ ಗಂಟೆಗಳಲ್ಲಿ, ಹಿಂದಿಗಿಂತ ಸುಮಾರು ಎರಡು ಗಂಟೆ ಮೊದಲೇ, ಪ್ರಯಾಣ ಮುಗಿಯಿತು! ಭಾಗಾಕಾರ ಮಾಡಿ ನೋಡಿದರೆ ರಹಸ್ಯ ತಿಳಿಯುತ್ತದೆ. ಪೂರ್ವದ ದಾರಿಯಲ್ಲಿ ಸರಾಸರಿ ವೇಗ ಗಂಟೆಗೆ 1,055 ಕಿಲೋಮೀಟರ್. ಪಶ್ಚಿಮದ ದಾರಿಯಲ್ಲಿ ಸುಮಾರು 840. ವಿಮಾನ ಹೆಚ್ಚು ಶ್ರಮಪಡಲಿಲ್ಲ. ಅದನ್ನು ಹೊತ್ತ ಗಾಳಿಯೇ ಓಡುತ್ತಿತ್ತು.

ಭಾರತವೂ ಸಾನ್ ಫ್ರಾನ್ಸಿಸ್ಕೋವೂ ಭೂಮಿಯ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ಹೋಗುವಾಗಲೂ ಪೂರ್ವಕ್ಕೆ ಹೋಗಬಹುದು, ಬರುವಾಗಲೂ ಪೂರ್ವಕ್ಕೆ ಬರಬಹುದು! ಶಾಂತಸಾಗರದ ಮೇಲೆ ಹೋಗಿ ಅಟ್ಲಾಂಟಿಕ್ ಕಡೆಯಿಂದ ಮರಳಿದರೆ ಎರಡು ಸಲವೂ ಬೆನ್ನುಗಾಳಿಯ ನೆರವು ದೊರೆಯುತ್ತದೆ, ಪ್ರಯಾಣಿಕನು ಭೂಪ್ರದಕ್ಷಿಣೆಯನ್ನೂ ಮಾಡಿದಂತಾಗುತ್ತದೆ. 2021ರ ವಿಮಾನವು ಧ್ರುವವನ್ನು ದಾಟಿ ಅಟ್ಲಾಂಟಿಕ್ ಮಗ್ಗುಲಿನಿಂದ ಇಳಿದು ಬಂದುದನ್ನು ಈಗ ನೆನೆಯಿರಿ. ಅದರ 16,000 ಕಿಲೋಮೀಟರನ್ನು ಹದಿನೇಳು ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 940ರಷ್ಟಾಗುತ್ತದೆ. ಏರುವಾಗ ಇಳಿಯುವಾಗ ವೇಗ ಕಡಿಮೆಯಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಗಾಳಿಯ ನೆರವು ಸ್ಪಷ್ಟವಾಗಿದೆ.

ಎರಡು ಗಂಟೆಯ ಬೆಲೆ

ಒಂದೆರಡು ಗಂಟೆ ಹೆಚ್ಚಾದರೆ ಏನು, ಇನ್ನಷ್ಟು ನಿದ್ದೆ ಮಾಡಿದರಾಯಿತು ಎಂದು ಪ್ರಯಾಣಿಕನು ಭಾವಿಸಬಹುದು. ವಿಮಾನದ ಲೆಕ್ಕ ಬೇರೆ. 2021ರ ಹಾರಾಟಕ್ಕೆ ಬಳಸಿದ ಬೋಯಿಂಗ್ 777-200 ಎಲ್‌ಆರ್ ಬಗೆಯ ವಿಮಾನವು ಮೇಲೇರುವಾಗ ಇರಬಹುದಾದ ಗರಿಷ್ಠ ತೂಕ ಸುಮಾರು 347 ಟನ್. ಅದರ ತೊಟ್ಟಿಗಳಲ್ಲಿ 1,81,000 ಲೀಟರ್ ಇಂಧನ ಹಿಡಿಯುತ್ತದೆ. ಲೀಟರಿನ ತೂಕ ಸುಮಾರು 0.8 ಕಿಲೋಗ್ರಾಮ್, ಆದುದರಿಂದ ತುಂಬಿದ ಇಂಧನವೇ 145 ಟನ್. ಒಟ್ಟು ತೂಕದ ಐದನೆಯ ಎರಡು ಪಾಲಿಗಿಂತ ಹೆಚ್ಚು ಭಾಗ ಬರಿಯ ಇಂಧನ!

ಹೊರಡುವಾಗ ಹೊತ್ತ ಇಂಧನವನ್ನು ಹೊರುವುದಕ್ಕೂ ಇಂಧನವೇ ಬೇಕು. ಇಂಥ ವಿಮಾನವು ಸರಾಸರಿ ಗಂಟೆಗೆ ಸುಮಾರು ಏಳು ಟನ್ ಇಂಧನವನ್ನು ಉರಿಸುತ್ತದೆ. ಎದುರುಗಾಳಿಯಿಂದ ಪ್ರಯಾಣ ಎರಡು ಗಂಟೆ ಬೆಳೆದರೆ ಹದಿನಾಲ್ಕು ಟನ್ ಹೆಚ್ಚಿಗೆ ಬೇಕು. ಒಬ್ಬ ಪ್ರಯಾಣಿಕನೂ ಅವನ ಗಂಟುಮೂಟೆಯೂ ಸೇರಿ ನೂರು ಕಿಲೋಗ್ರಾಮ್ ಎಂದಿಟ್ಟುಕೊಂಡರೆ, ಇದು ನೂರನಲವತ್ತು ಜನರ ತೂಕ. ಗರಿಷ್ಠ ತೂಕವನ್ನು ಮೀರುವಂತಿಲ್ಲ. ತೊಟ್ಟಿಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ತುಂಬುವಂತಿಲ್ಲ. ಗೊತ್ತಾದ ನಿಲ್ದಾಣ ಮುಚ್ಚಿದ್ದರೆ ಬೇರೆಡೆಗೆ ಹೋಗಲು ಬೇಕಾದ ಮೀಸಲು ಇಂಧನವನ್ನು ಮುಟ್ಟುವಂತಿಲ್ಲ. ಆಗ ಕುರ್ಚಿಗಳನ್ನು ಖಾಲಿ ಬಿಡಬೇಕು, ಇಲ್ಲವೆ ನಡುವೆ ಎಲ್ಲಿಯಾದರೂ ಇಳಿದು ಇಂಧನ ತುಂಬಿಕೊಳ್ಳಬೇಕು. ಆದುದರಿಂದಲೇ ದೀರ್ಘ ಹಾರಾಟದ ದಾರಿಯನ್ನು ಒಮ್ಮೆಗೇ ಶಾಶ್ವತವಾಗಿ ಗೊತ್ತುಮಾಡುವುದಿಲ್ಲ. ಆಯಾ ದಿನದ ಗಾಳಿಯ ಮುನ್ಸೂಚನೆಯನ್ನು ನೋಡಿ ಹೊಸದಾಗಿ ಲೆಕ್ಕಹಾಕುತ್ತಾರೆ. ನಿನ್ನೆಯ ದಾರಿ ಇಂದಿನದಾಗಬೇಕಿಲ್ಲ.

ಆಕಾಶಕ್ಕೂ ಗಡಿಗಳುಂಟು

ಪ್ರಕೃತಿಯ ಕಟ್ಟಲೆಗಳ ಜೊತೆಗೆ ಮನುಷ್ಯನು ಮಾಡಿದ ಕಟ್ಟಲೆಗಳೂ ಇವೆ. ಒಂದು ದೇಶದ ಮೇಲಿನ ಆಕಾಶದಲ್ಲಿ ಹಾರಲು ಆ ದೇಶದ ಅನುಮತಿ ಬೇಕು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋಗೆ ಮಹಾವೃತ್ತದ ದೂರ ಸುಮಾರು 7,800 ಕಿಲೋಮೀಟರ್. ಸೈಬೀರಿಯದ ಮೇಲೆ ಹಾರಿ ಒಂಬತ್ತು ಹತ್ತು ಗಂಟೆಗಳಲ್ಲಿ ಈ ಪ್ರಯಾಣ ಮುಗಿಯುತ್ತಿತ್ತು. 2022ರಲ್ಲಿ ಉಕ್ರೇನ್ ಯುದ್ಧದ ಪರಿಣಾಮವಾಗಿ ರಷ್ಯದ ಆಕಾಶವು ಯೂರೋಪಿನ ಅನೇಕ ದೇಶಗಳ ವಿಮಾನಗಳಿಗೆ ಮುಚ್ಚಿತು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಫಿನ್‌ಏರ್ ಸಂಸ್ಥೆಯ ವಿಮಾನಗಳು ಧ್ರುವದ ಕಡೆಯಿಂದ ಬಳಸಿ ಹಾರತೊಡಗಿದಾಗ ಪ್ರಯಾಣದ ಕಾಲ ಸುಮಾರು ಹದಿಮೂರು ಗಂಟೆಗೆ ಏರಿತು. ಇದೇನೂ ಹೊಸದಲ್ಲ. ಸೋವಿಯತ್ ಆಕಾಶವು ತೆರೆದಿಲ್ಲದಿದ್ದ ಕಾಲದಲ್ಲಿ, 1957ರಲ್ಲಿ, ಸ್ಕ್ಯಾಂಡಿನೇವಿಯದ ವಿಮಾನಗಳು ಕೋಪನ್‌ಹೇಗನ್ನಿನಿಂದ ಟೋಕಿಯೋಗೆ ಧ್ರುವವನ್ನು ಹಾದು ಅಲಾಸ್ಕದ ಆಂಕೊರೇಜಿನಲ್ಲಿ ಇಳಿದು ಹೋಗತೊಡಗಿದ್ದವು. ಊರುಗಳು ಕದಲಲಿಲ್ಲ, ಭೂಮಿ ಹಿಗ್ಗಲಿಲ್ಲ. ದಾರಿ ಮಾತ್ರ ಉದ್ದವಾಯಿತು.

ಭಾನುವಾರ ಎಲ್ಲಿ ಹೋಯಿತು?

ಇನ್ನು ಮೊದಲ ಪ್ರಶ್ನೆಗೆ ಮರಳೋಣ. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆಯ ವ್ಯತ್ಯಾಸ. ಭಾರತದ ಗಡಿಯಾರ ಗ್ರೀನಿಚ್ ವೇಳೆಗಿಂತ ಐದೂವರೆ ಗಂಟೆ ಮುಂದು. ಸಾನ್ ಫ್ರಾನ್ಸಿಸ್ಕೋ ಗಡಿಯಾರ ಚಳಿಗಾಲದಲ್ಲಿ ಎಂಟು ಗಂಟೆ ಹಿಂದು. ಎರಡಕ್ಕೂ ಅಂತರ ಹದಿಮೂರೂವರೆ ಗಂಟೆ. ಬೇಸಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಹನ್ನೆರಡೂವರೆ.

ಸಾನ್ ಫ್ರಾನ್ಸಿಸ್ಕೋದಲ್ಲಿ ಶನಿವಾರ ರಾತ್ರಿ ಎಂಟೂವರೆಯಾಗಿದ್ದಾಗ ಬೆಂಗಳೂರಿನಲ್ಲಿ ಆಗಲೇ ಭಾನುವಾರ ಬೆಳಗಿನ ಹತ್ತು ಗಂಟೆ. ಅಲ್ಲಿಂದ ಹದಿನೇಳು ಗಂಟೆ ಎಣಿಸಿದರೆ ಸೋಮವಾರ ಬೆಳಗಿನ ಜಾವ ಮೂರು ಗಂಟೆ. ಭಾನುವಾರ ಕಳೆದುಹೋಗಲಿಲ್ಲ, ಅದು ವಿಮಾನದೊಳಗೆ ಸವೆದುಹೋಯಿತು. ಅದೂ ಜನವರಿಯಲ್ಲಿ ಸೂರ್ಯನೇ ಹುಟ್ಟದ ಧ್ರುವಪ್ರದೇಶದ ಮೇಲೆ, ಎಲ್ಲ ರೇಖಾಂಶಗಳೂ ಒಂದೆಡೆ ಕೂಡುವುದರಿಂದ ಗಂಟೆಯೆಷ್ಟೆಂದು ಕೇಳುವುದೇ ಅರ್ಥವಿಲ್ಲದ ಮಾತಾಗುವ ಕಡೆ ಹಾದು.

ಎದುರು ದಿಕ್ಕಿನ ಪ್ರಯಾಣದಲ್ಲಿ ಇದಕ್ಕೆ ವಿಪರೀತ. ಚಳಿಗಾಲದ ಒಂದು ದಿನ ಮಧ್ಯಾಹ್ನ ಎರಡೂವರೆಗೆ ಬೆಂಗಳೂರಿನಿಂದ ಹೊರಟು ಹದಿನಾರು ಗಂಟೆ ಹಾರಿದವನು ಸಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವುದು ಅದೇ ದಿನ ಸಂಜೆ ಐದು ಗಂಟೆಗೆ. ಗಡಿಯಾರವನ್ನು ನಂಬಿದರೆ ಎರಡೂವರೆ ಗಂಟೆಯಲ್ಲಿ ಅರ್ಧ ಭೂಮಿಯನ್ನು ಸುತ್ತಿದಂತೆ! ದೇಹ ಮಾತ್ರ ಮೋಸಹೋಗುವುದಿಲ್ಲ. ಅದಕ್ಕೆ ಬೆಂಗಳೂರಿನ ಬೆಳಗಿನ ಆರೂವರೆಯೇ. ಮಗನನ್ನೋ ಮಗಳನ್ನೋ ನೋಡಲು ಅಲ್ಲಿಗೆ ಹೋದ ನಮ್ಮ ಹಿರಿಯರು ಮೊದಲ ಕೆಲವು ದಿನ ಹಗಲಿನಲ್ಲಿ ತೂಕಡಿಸಿ ನಡುರಾತ್ರಿಯಲ್ಲಿ ಎದ್ದು ಕೂರುವುದು ಇದರಿಂದಲೇ.

ಆದುದರಿಂದ ಆ ಊರು ಎಷ್ಟು ದೂರವೆಂದು ಯಾರಾದರೂ ಕೇಳಿದರೆ ಒಂದೇ ಸಂಖ್ಯೆಯಿಂದ ತೃಪ್ತರಾಗಬಾರದು. ಭೂಮಿಯ ಮೇಲೆ ಅಳೆದ ದೂರ 13,990 ಕಿಲೋಮೀಟರ್. ಇದು ಎಂದೆಂದಿಗೂ ಅಷ್ಟೇ. ವಿಮಾನವು ಹಾರುವ ದೂರ ದಿನದಿನಕ್ಕೂ ಬೇರೆ. ಹಿಡಿಯುವ ಹೊತ್ತು ಗಾಳಿಯನ್ನು ಅವಲಂಬಿಸಿದ್ದು. ಗಡಿಯಾರ ತೋರಿಸುವ ಹೊತ್ತು ಇವೆಲ್ಲಕ್ಕಿಂತ ಬೇರೆ. ಯಾವ ಪ್ರಶ್ನೆಗೆ ಯಾವ ಸಂಖ್ಯೆ ಉತ್ತರವೆಂದು ಬೇರ್ಪಡಿಸಿ ತಿಳಿಯುವುದೇ ಈ ಪಾಠದ ಫಲ.

ಅಭ್ಯಾಸ

1. ಲಂಡನ್ ವಿಮಾನ ನಿಲ್ದಾಣವು 51.5 ಡಿಗ್ರಿ ಉತ್ತರ ಅಕ್ಷಾಂಶ, 0.5 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಬೆಂಗಳೂರಿನಿಂದ ಅಲ್ಲಿಗೆ ದೂರವೆಷ್ಟು? (ಉತ್ತರ: ಸುಮಾರು 8,050 ಕಿಲೋಮೀಟರ್.)

2. ಈ ಪ್ರಯಾಣದಲ್ಲಿ ಸರಾಸರಿ ಎದುರುಗಾಳಿ ಗಂಟೆಗೆ 95 ಕಿಲೋಮೀಟರ್ ಇದ್ದರೆ, ಗಾಳಿಗೆ ಹೋಲಿಸಿ 900 ಕಿಲೋಮೀಟರ್ ವೇಗದ ವಿಮಾನಕ್ಕೆ ಎಷ್ಟು ಹೊತ್ತು ಬೇಕು? (ಉತ್ತರ: ಸುಮಾರು ಹತ್ತು ಗಂಟೆ.)

3. ಗ್ಲೋಬಿನ ಮೇಲೆ ದಾರವಿಟ್ಟು ದೆಹಲಿಯಿಂದ ಸಾನ್ ಫ್ರಾನ್ಸಿಸ್ಕೋವರೆಗಿನ ದೂರವನ್ನು ಅಳೆಯಿರಿ. 2016ರ ಎರಡು ದಾರಿಗಳೂ ಇದಕ್ಕಿಂತ ಎಷ್ಟೆಷ್ಟು ಉದ್ದವಾಗಿದ್ದವು? (ಸೂಚನೆ: ಮಹಾವೃತ್ತದ ದೂರ ಸುಮಾರು 12,380 ಕಿಲೋಮೀಟರ್.)